ಸಿಂಗಾಪುರದ ಬಸ್ಸಿಗೆ ಡಬ್ಬಿ ಇಟ್ಟ ಕಥೆ

ಖಾನಾಪುರ

ನಾನು ಸಿಂಗಾಪುರಕ್ಕೆ ಹೋಗಿ ಬಂದವಳು ಎಂದು ತಿಳಿದ ಕೂಡಲೇ ನಮ್ಮ ಖಾನಾಪುರದವರು ಕೇಳುವುದು ಎರಡೇ ಪ್ರಶ್ನೆ. ರಸ್ತೆಯಲ್ಲಿ ಉಗುಳಿದರೆ ನಿಜವಾಗಿಯೂ ದಂಡ ಹಾಕುತ್ತಾರೆಯೆ? ಊಟಕ್ಕೆ ಏನು ಮಾಡಿದಿರಿ? ದಂಡದ ವಿಷಯ ನನಗೆ ಗೊತ್ತಿಲ್ಲ, ಉಗುಳಿ ನೋಡುವ ಧೈರ್ಯ ಆಗಲಿಲ್ಲ. ಊಟಕ್ಕೆ ನನ್ನ ಜೊತೆ ಬಂದಿದ್ದ ಸಿದ್ರಾಮನ ಅವ್ವ ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊನೆಯ ದಿನದವರೆಗೂ ಬಂದವು. ಎತ್ತರದ ಕಟ್ಟಡಗಳನ್ನು ಬೇರೆ ಯಾರಾದರೂ ವರ್ಣಿಸಿಯಾರು. ನಾನು ಹೇಳಬೇಕಾಗಿರುವುದು ಅಲ್ಲಿನ ಒಂದು ಸಿಟಿ ಬಸ್ಸಿನ ವಿಷಯ, ಮತ್ತು ಆ ಬಸ್ಸಿನಲ್ಲಿ ನಾನು ಮಾಡಿದ, ನಮ್ಮ ಕಡೆಯವರು ಮಾತ್ರ ಮಾಡಬಹುದಾದ ಒಂದು ತಪ್ಪಿನ ವಿಷಯ.

ಅದು ಎರಡು ಸಾವಿರದ ಇಸವಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಡಾಟ್‌ಕಾಂ ಎಂಬ ಮಾತು ಚಹಾದಂಗಡಿಯವರೆಗೂ ಬಂದಿತ್ತು. ಸಿಂಗಾಪುರದ ಒಂದು ವಿಶ್ವವಿದ್ಯಾಲಯ ನಾನಾ ದೇಶಗಳ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆ ಇಟ್ಟಿತ್ತು. ತಂತ್ರಜ್ಞಾನದ ಹೊಸ ಕಂಪನಿಯೊಂದನ್ನು ಹೇಗೆ ಕಟ್ಟುತ್ತೀರಿ ಎಂದು ಬರೆದು ಕಳಿಸಬೇಕು. ಆಯ್ಕೆಯಾದವರು ಅಲ್ಲಿಗೇ ಬಂದು ತೀರ್ಪುಗಾರರ ಎದುರು ಮಂಡಿಸಬೇಕು. ವಿಮಾನದ ಟಿಕೆಟ್ಟು ಅವರದು. ನೋಟಿಸ್ ಬೋರ್ಡಿನಲ್ಲಿ ಇದನ್ನು ಓದಿದ ನಾನು ಅದೇ ಸಂಜೆ ನನ್ನ ಕಂಪನಿಗೆ ಅಧ್ಯಕ್ಷೆಯಾಗಿಬಿಟ್ಟೆ. ಕಂಪನಿ ಏನು ಮಾಡುತ್ತದೆ ಎಂಬುದೊಂದು ಮಾತ್ರ ಬಾಕಿ ಇತ್ತು.

ಅದನ್ನು ಒದಗಿಸಿದವನು ಸಹಪಾಠಿ ಸಿದ್ರಾಮ. ಇಟಗಿ ಕಡೆಯ ಹಳ್ಳಿಯವನು, ಕುರಿ ಕಾಯುವ ಮನೆತನ. ಬೆಳಗಾವಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಅವನ ಅವ್ವ ವಾರಕ್ಕೆ ಮೂರು ಸಲ ರೊಟ್ಟಿಯ ಬುತ್ತಿಯನ್ನು ಡಬ್ಬಿಯಲ್ಲಿ ಹಾಕಿ, ಬಟ್ಟೆ ಕಟ್ಟಿ, ಊರಿನ ಬಸ್ಸಿಗೆ ಇಡುತ್ತಿದ್ದಳು. ನಮ್ಮ ಕಡೆ ಇದು ಹೊಸದೇನಲ್ಲ. ಊರಲ್ಲಿ ಡ್ರೈವರನ ಬಾಜೂಕ್ಕೆ ಡಬ್ಬಿ ಇಟ್ಟು ‘ನಮ್ಮ ಹುಡುಗ ಬರ್ತಾನ್ರಿ’ ಎಂದರೆ ಆಯಿತು. ಬೆಳಗಾವಿ ನಿಲ್ದಾಣದಲ್ಲಿ ಹುಡುಗ ತನ್ನ ಬಟ್ಟೆಯ ಗುರುತು ಹಿಡಿದು ಎತ್ತಿಕೊಂಡು ಹೋಗುತ್ತಾನೆ. ಚೀಟಿ ಇಲ್ಲ, ಸಹಿ ಇಲ್ಲ. ನಾನು ತಹಶೀಲ್ದಾರ ಕಚೇರಿಯ ಗುಮಾಸ್ತರ ಮಗಳು, ದಿನಾ ಖಾನಾಪುರದಿಂದ ರೈಲಿನಲ್ಲಿ ಹೋಗಿ ಬರುವವಳು. ಬುತ್ತಿ ನನ್ನ ಕೈಚೀಲದಲ್ಲೇ ಇರುತ್ತಿತ್ತು. ಆದರೂ ಈ ಪದ್ಧತಿಯಲ್ಲಿ ನನಗೆ ಒಂದು ದೊಡ್ಡ ಕೊರತೆ ಕಾಣಿಸಿತು. ಇಷ್ಟೊಂದು ಸಾಮಾನು ಓಡಾಡುತ್ತದೆ, ಒಂದಕ್ಕೂ ದಾಖಲೆ ಇಲ್ಲ! ಹಳ್ಳಿಯ ಎಸ್‌ಟಿಡಿ ಬೂತಿನಲ್ಲಿ ಒಂದು ಯಂತ್ರ ಇಟ್ಟು, ಡಬ್ಬಿಗೆ ನಂಬರು ಕೊಟ್ಟು, ಚೀಟಿ ಮುದ್ರಿಸಿ, ಅದೇ ನಂಬರನ್ನು ಫೋನಿನ ತಂತಿಯಲ್ಲಿ ಬೆಳಗಾವಿಗೆ ಕಳಿಸಿದರೆ? ಯೋಜನೆಯನ್ನು ನಾನು ಬರೆದೆ. ಯಂತ್ರವನ್ನು ಸಿದ್ರಾಮ ಆರು ತಿಂಗಳು ಕೂತು ಮಾಡಿದ. ಹಳೆಯ ಪ್ರಿಂಟರಿನ ಹೊಟ್ಟೆ ಬಗೆದು, ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದ್ದ. ಗುಂಡಿ ಒತ್ತಿದರೆ ಕಿರ್ ಎಂದು ಚೀಟಿ ಹೊರಗೆ ಬರುತ್ತಿತ್ತು.

ಆಯ್ಕೆಯ ಪತ್ರ ಹಿಡಿದುಕೊಂಡು ನಾವಿಬ್ಬರೂ ಖಾನಾಪುರ ಬಸ್ ನಿಲ್ದಾಣದ ಮೇಲ್ವಿಚಾರಕ ನದಾಫ್ ಸಾಹೇಬರ ಬಳಿ, ಇಟಗಿ ಕಡೆಯ ಬಸ್ಸುಗಳಲ್ಲಿ ಇದನ್ನು ನಡೆಸಲು ಅನುಮತಿ ಕೇಳಲು ಹೋದೆವು. ಅವರು ಪತ್ರವನ್ನು ಎರಡು ಸಲ ಓದಿದರು.

“ನೋಡವ್ವಾ, ನಾ ಇಲ್ಲೆ ಕುಂತು ಹೂಂ ಅಂದ್ರ ಮ್ಯಾಲಿನವರು ನನ್ನ ಕೇಳ್ತಾರ. ಅಲ್ಲೆ ಮೊದಲ ಮೂರರಾಗ ಬಂದು ಒಂದು ಕಾಗದಾ ತಗೊಂಡು ಬರ್ರಿ. ಇಟಗಿ ರೂಟ್ ನಿಮಗ ಬಿಡಿಸಿ ಕೊಡೂದು ನನ್ನ ಜವಾಬ್ದಾರಿ. ಇಲ್ಲಾಂದ್ರ ಸುಮ್ನ ನೌಕರಿ ನೋಡ್ರಿ.”

ಸಿದ್ರಾಮನಿಗೆ ಬೆಳಗಾವಿಯ ಉದ್ಯಮಬಾಗದ ಒಂದು ಪಂಪ್ ಕಾರ್ಖಾನೆಯಿಂದ ನೌಕರಿಯ ಪತ್ರ ಬಂದಿತ್ತು. ವಾಪಸು ಬಂದ ವಾರದೊಳಗೆ ಉತ್ತರ ಕೊಡಬೇಕಿತ್ತು. ಮೂರರೊಳಗೆ ಬಂದರೆ ನಮ್ಮ ಕಂಪನಿ, ಬರದಿದ್ದರೆ ಅವನಿಗೆ ಪಂಪು. ವಿಮಾನ ಹತ್ತುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಬಂದೇ ಬರುತ್ತೇವೆ ಎಂದುಕೊಂಡಿದ್ದೆ.

ಮೊದಲ ದಿನ: ಚೀಟಿ ಕೊಡುವ ಪೆಟ್ಟಿಗೆ

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ತಗಡಿನ ಪೆಟ್ಟಿಗೆಯನ್ನು ಬಿಟ್ಟು ಕುಂದಾದ ಡಬ್ಬಿಯನ್ನು ಹಿಡಿದುಕೊಂಡ. ತೀರ್ಪುಗಾರರಿಗೆಂದು ಬೆಳಗಾವಿಯಿಂದ ಒಂದು ಕಿಲೋ ಒಯ್ದಿದ್ದೆ. ಇದೇನು ಎಂದ. ಹಾಲು, ಸಕ್ಕರೆ ಎಂದೆ. ಹಾಲು ಈ ಬಣ್ಣಕ್ಕೆ ಹೇಗೆ ಬಂತು ಎಂದ. ತಾಸುಗಟ್ಟಲೆ ಕಾಯಿಸಿ ಎಂದೆ. ಅಷ್ಟು ಹೊತ್ತು ಯಾರು ಕಾಯಿಸುತ್ತಾರೆ ಎಂಬಂತೆ ನನ್ನನ್ನು ನೋಡಿ ಬಿಟ್ಟುಕೊಟ್ಟ.

ನಮ್ಮನ್ನು ನೋಡಿಕೊಳ್ಳಲು ಅಲ್ಲಿನ ವಿದ್ಯಾರ್ಥಿನಿ ಮೇ ಲಿನ್ ಎಂಬಾಕೆಯನ್ನು ನೇಮಿಸಿದ್ದರು. ಸಣ್ಣ ಮೈಯ, ಚುರುಕು ನಡಿಗೆಯ ಚೀನೀ ಹುಡುಗಿ. ಅವಳು ‘ಐದು ನಿಮಿಷ’ ಎಂದರೆ ಐದೇ ನಿಮಿಷ. ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ ಎಂದು ವಿವರಿಸುವಷ್ಟರಲ್ಲಿ ಒಂದು ಸಭೆ ತಪ್ಪಿಸಿಕೊಂಡಿದ್ದೆವು.

ಮೊದಲ ಸುತ್ತು ಅದೇ ಮಧ್ಯಾಹ್ನ. ಇತರ ತಂಡಗಳದ್ದೆಲ್ಲ ಅಂತರ್ಜಾಲ. ಒಬ್ಬರು ಹೂ ಮಾರುತ್ತಿದ್ದರು, ಇನ್ನೊಬ್ಬರು ನಾಯಿಯ ಆಹಾರ. ಎಲ್ಲರ ಹತ್ತಿರವೂ ಬಣ್ಣದ ಚಿತ್ರಗಳಿದ್ದವು, ಕೈಯಲ್ಲಿ ಮುಟ್ಟುವಂಥದ್ದು ಯಾರ ಹತ್ತಿರವೂ ಇರಲಿಲ್ಲ. ನಾನು ಮಾತಾಡಿದೆ. ಸಿದ್ರಾಮನಿಗೆ ಇಂಗ್ಲಿಷಿನಲ್ಲಿ ಓದುವುದು ಸಲೀಸು, ಆಡುವುದು ತ್ರಾಸು; ಅವನು ಬಾಯಿ ಬಿಡದೆ ಗುಂಡಿ ಒತ್ತಿದ. ಚೀಟಿ ಕಿರ್ ಎಂದು ಬಂತು. ಕನ್ನಡಕವನ್ನು ಸರಪಳಿಯಲ್ಲಿ ನೇತು ಹಾಕಿಕೊಂಡಿದ್ದ ಹಿರಿಯ ಮಹಿಳೆಯೊಬ್ಬರು ತೀರ್ಪುಗಾರರಲ್ಲಿ ಮುಖ್ಯರು. ಅವರು ಚೀಟಿಯನ್ನು ಹರಿದುಕೊಂಡು ಓದಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡರು. ಅಂತಿಮ ಸುತ್ತಿನ ಆರು ತಂಡಗಳಲ್ಲಿ ನಮ್ಮ ಹೆಸರಿತ್ತು.

“ಕೆಲಸಾ ಮಾಡ್ತಲ್ಲ?” ಎಂದ ಸಿದ್ರಾಮ, ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ.

“ನೀ ಮಾಡಿದ್ದು ಕೆಲಸಾ ಮಾಡದ ಏನ್ ಮಾಡ್ತೈತಿ?” ಎಂದೆ. ಅವನು ನಕ್ಕಿದ್ದು ಆ ಇಡೀ ಪ್ರವಾಸದಲ್ಲಿ ಅದೇ ಮೊದಲು.

ಎರಡನೆಯ ದಿನ: ಕಾಗದದ ಕರವಸ್ತ್ರ

ಶುಕ್ರವಾರ ನಗರದ ನಡುವಿನ ಸಭಾಂಗಣದಲ್ಲಿ ಎಲ್ಲ ತಂಡಗಳ ಪ್ರದರ್ಶನ ಇತ್ತು. ಮರುದಿನ ಬೆಳಿಗ್ಗೆ ಅಂತಿಮ ಸುತ್ತು. ನಕ್ಷೆಗಳನ್ನು ತಿದ್ದಬೇಕೆಂದು ಸಿದ್ರಾಮ ಮೂರು ಗಂಟೆಗೇ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಹಿಂದಿರುಗಿದ. ಪೆಟ್ಟಿಗೆ ತುಂಬಿದ ಚೀಲವನ್ನು ನಾನು ತರುವುದೆಂದು ಆಯಿತು. “ಜ್ವಾಕಿ” ಎಂದಷ್ಟೇ ಹೇಳಿ ಹೋದ.

ಪ್ರದರ್ಶನ ಮುಗಿದ ಮೇಲೆ ಮೇ ಲಿನ್ ನನ್ನನ್ನು ತಿಂಡಿ ಅಂಗಡಿಗಳ ಒಂದು ದೊಡ್ಡ ಛಾವಣಿಯ ಕೆಳಗೆ ಕರೆದುಕೊಂಡು ಹೋದಳು. ಕಾಲಿಡಲು ಜಾಗವಿಲ್ಲದಷ್ಟು ಜನ. ಅಲ್ಲಿ ನಾನೊಂದು ವಿಚಿತ್ರ ಕಂಡೆ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಒಂದು ಪುಟ್ಟ ಪೊಟ್ಟಣ ಬಿದ್ದಿತ್ತು. ಜನ ತಟ್ಟೆ ಹಿಡಿದುಕೊಂಡು ನಿಂತಿದ್ದರೂ ಆ ಮೇಜಿಗೆ ಯಾರೂ ಕೂರುತ್ತಿರಲಿಲ್ಲ. “ಯಾರೋ ಹಿಡಿದಿಟ್ಟಿದ್ದಾರೆ” ಎಂದಳು ಮೇ ಲಿನ್. ಪೊಟ್ಟಣ ಇಟ್ಟವರು ಅಂಗಡಿಯ ಸಾಲಿನಲ್ಲಿ ನಿಂತಿರುತ್ತಾರಂತೆ. ಕಾಲು ಗಂಟೆ ಬಿಟ್ಟು ಬಂದರೂ ಮೇಜು ಅವರದೇ ಅಂತೆ.

ನನಗೆ ಖುಷಿಯೋ ಖುಷಿ. ಬೆಳಗಾವಿ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವ ನಮ್ಮವರು ನೆನಪಾದರು. ನಮ್ಮಲ್ಲಿ ಟವೆಲ್ಲಿನ ಮೇಲೆಯೇ ಕೂತು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಇಲ್ಲಿ ಅದೂ ಇಲ್ಲ. ಇದು ನಮಗಿಂತ ಒಂದು ಕೈ ಮೇಲಿನ ಊರು ಎಂದು ತೀರ್ಮಾನಿಸಿದೆ. ಆ ತೀರ್ಮಾನವೇ ನನ್ನನ್ನು ಕೆಡಿಸಿದ್ದು.

ಸಮುದ್ರ ಇಲ್ಲೇ ಹತ್ತಿರ, ನಡೆದು ಹೋಗೋಣ ಎಂದಳು ಮೇ ಲಿನ್. ಚೀಲ ಹೆಗಲನ್ನು ಹರಿಯುತ್ತಿತ್ತು. ಅವಳು ಕಬ್ಬಿನ ಹಾಲಿಗೆಂದು ಸಾಲಿನಲ್ಲಿ ನಿಂತಳು. ಎದುರಿಗೇ ಬಸ್ ಸ್ಟಾಪು. ನೋಡುತ್ತಿದ್ದಂತೆಯೇ ನಾವು ಬೆಳಿಗ್ಗೆ ಬಂದ ನಂಬರಿನ ಬಸ್ಸು ಬಂದು ನಿಂತಿತು. ನೇರ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುವ ಬಸ್ಸು.

ಆಮೇಲೆ ನಡೆದದ್ದಕ್ಕೆ ನಾನು ಯೋಚನೆಯನ್ನೇ ಮಾಡಲಿಲ್ಲ. ಹತ್ತಿದೆ, ಡ್ರೈವರನ ಬಾಜೂಕ್ಕೆ ಚೀಲ ಇಟ್ಟೆ. “ವಿಶ್ವವಿದ್ಯಾಲಯದ ಸ್ಟಾಪಿನಲ್ಲಿ ನನ್ನ ಗೆಳೆಯ ಬರುತ್ತಾನೆ, ಕೊಟ್ಟುಬಿಡಿ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡ್ರೈವರು ಕೈ ಎತ್ತಿ ಏನೋ ಹೇಳತೊಡಗಿದ. ನಮ್ಮ ಡ್ರೈವರುಗಳೂ ಮೊದಲು ಹಾಗೇ ಗೊಣಗುತ್ತಾರೆ. ನಾನು ನಕ್ಕು, ಕೈ ಮುಗಿದು, ಇಳಿದೆ. ನನ್ನ ಹಿಂದಿದ್ದವರು ಹತ್ತಿದರು, ಬಾಗಿಲು ಮುಚ್ಚಿತು. ಪಕ್ಕದ ಫೋನಿನಿಂದ ಹಾಸ್ಟೆಲ್ಲಿಗೆ ಕರೆ ಮಾಡಿದೆ.

“ಸಿದ್ರಾಮ, ಚೀಲಾ ಬಸ್ಸಿಗೆ ಇಟ್ಟೀನಿ. ಸ್ಟಾಪಿಗೆ ಹೋಗಿ ಇಳಿಸ್ಕೋ.”

“ಹೂಂ” ಎಂದ ಅವನೂ. ಅವನಿಗೂ ಏನೂ ಅನ್ನಿಸಲಿಲ್ಲ. ಇಬ್ಬರು ಇಂಜಿನಿಯರುಗಳ ಬುದ್ಧಿ ಇಷ್ಟು!

ಕಬ್ಬಿನ ಹಾಲು ಹಿಡಿದು ಬಂದ ಮೇ ಲಿನ್ ನನ್ನ ಖಾಲಿ ಹೆಗಲು ನೋಡಿದಳು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವಳ ಮುಖದ ಬಣ್ಣ ಇಳಿಯಿತು. “ಬಸ್ಸಿಗೆ? ಜೊತೆಗೆ ಯಾರೂ ಇಲ್ಲದ ಚೀಲವನ್ನು? ಒಳಗೆ ತಂತಿ ಇರುವ ಪೆಟ್ಟಿಗೆಯನ್ನು?” ಎಂದಳು. ಅವಳು ಒಂದೊಂದು ಪ್ರಶ್ನೆ ಕೇಳಿದಂತೆಲ್ಲ ನನಗೆ ನನ್ನ ಕೆಲಸ ಅರ್ಥವಾಗುತ್ತ ಹೋಯಿತು. ಆ ಸಮುದ್ರವನ್ನು ನಾನು ಇವತ್ತಿಗೂ ನೋಡಿಲ್ಲ.

ಅದೇ ಸಂಜೆ: ಸ್ಟಾಪಿನಲ್ಲಿ ಸಿದ್ರಾಮ

ನಾವು ಟ್ಯಾಕ್ಸಿಯಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದು ನೋಡಿದರೆ ಸಿದ್ರಾಮ ಸ್ಟಾಪಿನಲ್ಲಿ ನಿಂತಿದ್ದ. ಕೂರಲು ಬೆಂಚು ಇತ್ತು, ಅವನು ಕೂತಿರಲಿಲ್ಲ. ಬಸ್ಸು ಬಂದಾಗಲೆಲ್ಲ ಮುಂದಿನ ಬಾಗಿಲಿಗೆ ಹೋಗಿ ಡ್ರೈವರನ ಬಾಜೂಕ್ಕೆ ಇಣುಕಿ ನೋಡುತ್ತಿದ್ದ. ಡ್ರೈವರು ಹತ್ತು ಎಂದರೆ ಇಲ್ಲ ಎಂದು ಕೈ ಮಾಡಿ ಹಿಂದೆ ಸರಿಯುತ್ತಿದ್ದ.

“ಏಳು ಬಸ್ಸು ಹೋದು. ಯಾವುದರಾಗ ಇಟ್ಟಿ?” ಎಂದ ನನ್ನನ್ನು ಕಂಡ ಕೂಡಲೇ.

ನನಗೆ ಅಳು ಬಂತು. ಬಸ್ಸಿನ ಹಿಂಬದಿಯ ನಂಬರನ್ನೂ ನಾನು ನೋಡಿರಲಿಲ್ಲ.

ಮೇ ಲಿನ್ ಬಸ್ ಕಂಪನಿಗೆ ಫೋನು ಮಾಡಿದಳು. ಚೀಲ ಸುರಕ್ಷಿತವಾಗಿತ್ತು. ಡ್ರೈವರು ನಿಯಮದ ಪ್ರಕಾರ ಅದನ್ನು ನಡುದಾರಿಯ ಒಂದು ನಿಲ್ದಾಣದಲ್ಲೇ ಒಪ್ಪಿಸಿದ್ದ, ಪೊಲೀಸರು ಬಂದು ಬಿಚ್ಚಿ ನೋಡಿದ್ದರು. ಒಳಗೆ ಸಿಕ್ಕಿದ್ದು ಒಂದು ಪೆಟ್ಟಿಗೆ ಮತ್ತು ಎರಡು ರೊಟ್ಟಿ. ಈಗ ಅದು ಕಳೆದ ಸಾಮಾನುಗಳ ಕೋಣೆಯಲ್ಲಿತ್ತು, ಆ ಕೋಣೆ ತೆಗೆಯುವುದು ಸೋಮವಾರ. ಅಂತಿಮ ಸುತ್ತು ಶನಿವಾರ ಎಂದು ಮೇ ಲಿನ್ ಎಷ್ಟು ಬೇಡಿಕೊಂಡರೂ ಆ ಕಡೆಯ ಮನುಷ್ಯ ಕ್ಷಮಿಸಿ ಎನ್ನುವುದನ್ನು ಬಿಡಲಿಲ್ಲ. ಅವನದೇನೂ ತಪ್ಪಿಲ್ಲ. ಅವನು ಮೂರು ಸಲ ಕ್ಷಮೆ ಕೇಳಿದ, ಕೇಳಬೇಕಾದವಳು ನಾನು.

“ನಂದ ತಪ್ಪು, ಸಿದ್ರಾಮ” ಎಂದೆ.

“ಸಿಕ್ಕೈತಲ್ಲ. ಬಿಡು.”

“ನಾಳೆ ನಾ ಎಲ್ಲಾ ಬಾಯಿಲೇನ ಹೇಳಿ ಸಂಭಾಳಸ್ತೀನಿ.”

“ನೀ ಸಂಭಾಳಸ್ತಿ. ನಾ ಅಲ್ಲೆ ನಿಂತು ಏನ್ ಮಾಡ್ಲಿ?” ಎಂದು ಕೇಳಿ ಅವನು ಒಳಗೆ ಹೋದ. ಆರು ತಿಂಗಳ ಅವನ ಕೆಲಸವನ್ನು ಸಮುದ್ರ ನೋಡುವ ಆಸೆಗೆ ಬಸ್ಸು ಹತ್ತಿಸಿ ಕಳಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ: ಅಂತಿಮ ಸುತ್ತು

ಆದರೂ ಬೆಳಿಗ್ಗೆ ಏಳುವಷ್ಟರಲ್ಲಿ ಧೈರ್ಯ ಮರಳಿತ್ತು. ನನ್ನ ಸ್ವಭಾವವೇ ಹಾಗೆ. ಸುಳ್ಳು ಹೇಳುವುದು ಬೇಡ ಎಂದು ನಿರ್ಧರಿಸಿ, ವೇದಿಕೆ ಹತ್ತಿದ ಕೂಡಲೇ ನಿನ್ನೆಯ ಕಥೆ ಹೇಳಿಬಿಟ್ಟೆ. ಸಭೆ ನಕ್ಕಿತು. ಅದೇ ಹುರುಪಿನಲ್ಲಿ ಇಡೀ ಯೋಜನೆಯನ್ನು ಹೇಳಿ ಮುಗಿಸಿದೆ. ಚೆನ್ನಾಗಿಯೇ ಹೇಳಿದೆ. ಸಿದ್ರಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ.

ಸರಪಳಿಯ ಕನ್ನಡಕದ ಮಹಿಳೆ ಮುಂದಕ್ಕೆ ಬಾಗಿದರು. “ನಿಮ್ಮ ಊರಿನ ಜನಕ್ಕೆ ಚೀಟಿ ಬೇಕು ಎಂಬುದರ ಮೇಲೆ ನಿಮ್ಮ ಕಂಪನಿ ನಿಂತಿದೆ. ಆದರೆ ನಿನ್ನೆ ನಿಮ್ಮ ಅತಿ ಬೆಲೆಬಾಳುವ ವಸ್ತುವನ್ನು ಗುರುತಿಲ್ಲದ ಡ್ರೈವರನಿಗೆ ಚೀಟಿ ಕೇಳದೆ ಕೊಟ್ಟಿರಿ. ಹಾಗಾದರೆ ಚೀಟಿ ಬೇಕಾಗಿರುವುದು ಯಾರಿಗೆ?”

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮಾತಿಗೆ ಎಂದೂ ಬರ ಬಾರದ ನನಗೆ ಆ ಅರ್ಧ ನಿಮಿಷ ಹೇಗಿತ್ತೆಂದು ಹೇಳಲಾರೆ. ಮೂರರೊಳಗಿನ ಜಾಗ, ಇಟಗಿ ರೂಟು, ಎಲ್ಲ ಕಣ್ಣೆದುರೇ ಜಾರುತ್ತಿತ್ತು. ಆಗ ಸಿದ್ರಾಮ ನನ್ನ ಕಡೆ ತಿರುಗಿದ.

“ನಾ ಕನ್ನಡದಾಗ ಹೇಳ್ತೀನಿ. ನೀ ಅವರಿಗೆ ಹೇಳು. ಒಂದೂ ಬಿಡಬ್ಯಾಡ, ಒಂದೂ ಹಚ್ಚಬ್ಯಾಡ.”

ಅವನು ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

“ನಾಕು ವರ್ಷ ಆತು, ನಮ್ಮವ್ವ ಬಸ್ಸಿಗೆ ಬುತ್ತಿ ಇಡಾಕ ಹತ್ತಿ. ಒಂದ ಸಲಾನೂ ಕಳುವಾಗಿಲ್ಲ. ಚೀಟಿ ಯಾರೂ ಕೇಳಿಲ್ಲ.”

“ಆದ್ರ ಬಸ್ಸು ಯಾವಾಗ ಬಿಟ್ಟೈತಿ ನನಗ ಗೊತ್ತಾಗೂದಿಲ್ಲ. ಒಂದೊಂದ ದಿನಾ ಎರಡೆರಡು ತಾಸು ನಿಂದರ್ತೀನಿ. ಕುಂತ್ರ ಬಸ್ಸು ಬಂದು ಹೋಗತೈತಿ. ಎಷ್ಟೋ ಸಲ ಕ್ಲಾಸ್ ಬಿಟ್ಟು ನಿಂತೀನಿ. ಒಮ್ಮೆ ಪರೀಕ್ಷಾನೂ ಅರ್ಧಾ ಬಿಟ್ಟು ಬಂದೀನಿ.”

ಇದು ನನಗೆ ಗೊತ್ತೇ ಇರಲಿಲ್ಲ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವಳು, ಅವನು ಯಾಕೆ ಎದ್ದು ಹೋಗುತ್ತಾನೆಂದು ಒಂದು ದಿನವೂ ಕೇಳಿರಲಿಲ್ಲ. ಬುತ್ತಿ ಕೈಚೀಲದಲ್ಲಿ ಇದ್ದವಳಿಗೆ ಅದರ ದಾರಿ ಕಾಯುವುದು ಹೇಗೆ ಹೊಳೆಯಬೇಕು? ಅದನ್ನೂ ಒಂದೂ ಬಿಡದೆ ಹೇಳಿದೆ.

“ನಿನ್ನೆ ಇಲ್ಲೂ ನಿಂತೆ. ಏಳು ಬಸ್ಸು ನೋಡಿದೆ. ಚೀಲಾ ಕಳೀತದ ಅಂತ ನನಗ ಅಂಜಿಕಿ ಇರಲಿಲ್ಲ. ಯಾವ ಬಸ್ಸು ಅಂತ ಹೇಳವರು ಒಬ್ಬರು ಬೇಕಾಗಿದ್ರು, ಅಷ್ಟ.”

ಸಿದ್ರಾಮ ಮುಂದುವರಿಸಿದ. “ಈ ಮಷೀನು ನಾನ ಮಾಡೀನಿ. ಆರು ತಿಂಗಳು ಮಾಡೀನಿ. ಇದು ಬ್ಯಾಡ.”

ನಾನು ತಡೆದೆ. “ಸಿದ್ರಾಮ, ಅದನ್ನ ಹೆಂಗ ಹೇಳ್ಲಿ?”

“ಹಂಗ ಹೇಳು. ಇದು ಬ್ಯಾಡ ಅಂತ ಹೇಳು.”

ಹೇಳಿದೆ. ಆಮೇಲೆ ಅವನು ಬಿಳಿ ಹಲಗೆಗೆ ಹೋಗಿ, ಮಾತಿನ ಹಂಗಿಲ್ಲದೆ, ನಾಲ್ಕು ಗೆರೆಯಲ್ಲಿ ಹೊಸದನ್ನು ಬರೆದು ತೋರಿಸಿದ. ಬಸ್ಸು ಹಳ್ಳಿ ಬಿಟ್ಟ ಕೂಡಲೇ ಬೂತಿನವನು ಬೆಳಗಾವಿಗೆ ಫೋನು ಮಾಡಿ ಎರಡು ಗುಂಡಿ ಒತ್ತಬೇಕು, ಅಷ್ಟೇ. ನಿಲ್ದಾಣದಲ್ಲಿ ದೊಡ್ಡ ದೀಪದ ಹಲಗೆಯ ಮೇಲೆ ಯಾವ ಬಸ್ಸು, ಎಷ್ಟಕ್ಕೆ ಬಿಟ್ಟಿತು, ಎಷ್ಟಕ್ಕೆ ಮುಟ್ಟುತ್ತದೆ ಎಂದು ಬರುತ್ತದೆ. ಡಬ್ಬಿಗೆ ಕಾಯುವವರಿಗಷ್ಟೇ ಅಲ್ಲ, ಬಸ್ಸಿಗೆ ಕಾಯುವ ಎಲ್ಲರಿಗೂ. ಖರ್ಚು ಯಾರು ಕೊಡುತ್ತಾರೆ ಎಂದು ಒಬ್ಬರು ಕೇಳಿದರು. ಅಷ್ಟರಲ್ಲಿ ನನ್ನ ನಾಲಿಗೆ ಮರಳಿ ಬಂದಿತ್ತು. “ಹಲಗೆಯ ಕೆಳಗೆ ಕುಂದಾದ ಅಂಗಡಿಯವರ ಜಾಹೀರಾತು. ಕಾಯುವವರ ಕಣ್ಣು ಇನ್ನೆಲ್ಲಿಗೆ ಹೋಗುತ್ತದೆ?” ಎಂದೆ. ಕನ್ನಡಕದ ಮಹಿಳೆ ಏನೋ ಬರೆದುಕೊಂಡರು.

ಮೊದಲನೆಯ ಸ್ಥಾನ ನಾಯಿಯ ಆಹಾರಕ್ಕೆ ಹೋಯಿತು. ಎರಡನೆಯದು ಸಿಡ್ನಿಯವರಿಗೆ. ಮೂರನೆಯದಕ್ಕೆ ನಮ್ಮ ಊರಿನ ಹೆಸರನ್ನು ಕೂಗಿದವರು ಅದನ್ನು ಎಷ್ಟು ಕೆಡಿಸಿದರೆಂದರೆ, ಮೇ ಲಿನ್ ನೂಕಿದ ಮೇಲೇ ನಾವು ಎದ್ದದ್ದು. ಸಿದ್ರಾಮನನ್ನು ಮುಂದೆ ಬಿಟ್ಟು ನಾನು ಹಿಂದೆ ಹತ್ತಿದೆ.

ಸೋಮವಾರ ಚೀಲ ಸಿಕ್ಕಿತು. ಫಾರಂ ತುಂಬಿಸಿ, ನಾಲ್ಕು ಸಹಿ ಹಾಕಿಸಿಕೊಂಡು ಕೊಟ್ಟರು. ರೊಟ್ಟಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ, ಅದಕ್ಕೂ ಒಂದು ಚೀಟಿ ಅಂಟಿಸಿದ್ದರು.

ಬೆಳಗಾವಿ

ನದಾಫ್ ಸಾಹೇಬರು ಪ್ರಶಸ್ತಿಯ ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದರು. “ಮೂರನೇದು ಅಂದ್ರ ಮೂರರಾಗ ಬಂದಂಗಾತು. ಕುಂದರ್ರಿ, ಚಾ ಕುಡೀರಿ” ಎಂದರು. ಮಾತಿಗೆ ತಪ್ಪಲಿಲ್ಲ. ಎರಡು ತಿಂಗಳಲ್ಲಿ ಇಟಗಿ ರೂಟು ನಮಗೆ ಸಿಕ್ಕಿತು. ಸಿದ್ರಾಮ ಬಂದ ವಾರವೇ ಪಂಪಿನ ಕಾರ್ಖಾನೆಗೆ ಬರುವುದಿಲ್ಲವೆಂದು ಬರೆದಿದ್ದ. ಪೆಟ್ಟಿಗೆಯಿಂದ ಪ್ರಿಂಟರು ಕಿತ್ತು ಹಾಕಿ, ಉಳಿದದ್ದರಿಂದ ಹೊಸದನ್ನು ಕಟ್ಟಿದ. ಬೆಳಗಾವಿ ನಿಲ್ದಾಣದ ಒಂದು ಮೂಲೆಯಲ್ಲಿ ನಮಗೊಂದು ಗೂಡಿನಂಥ ಕೋಣೆ, ಒಂದು ಫೋನು, ಎರಡು ಕುರ್ಚಿ. ಹೊರಗೆ ಗೋಡೆಯ ಮೇಲೆ ಹಲಗೆ.

ಮೊದಲ ದಿನ ಮಧ್ಯಾಹ್ನ ಸಿದ್ರಾಮ ಫೋನಿನ ಪಕ್ಕದಲ್ಲೇ ನಿಂತಿದ್ದ. ಕುಳಿತುಕೋ ಎಂದರೂ ಕೂರಲಿಲ್ಲ. ಮೂರೂವರೆಗೆ ಫೋನಿನ ಗಂಟೆ ಬಡಿಯಿತು. ಎರಡು ಗುಂಡಿಯ ಸದ್ದಿನ ಬದಲು ಹೆಂಗಸಿನ ದನಿ, ಅದೂ ನಿಲ್ದಾಣಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ. ಎಂದೂ ಫೋನು ಹಿಡಿಯದ ಅವನ ಅವ್ವ, ಬೂತಿನವನಿಂದ ಹಲಗೆಯ ವಿಷಯವನ್ನೂ ಅದು ಯಾಕೆ ಬಂತೆಂಬುದನ್ನೂ ಕೇಳಿ ತಿಳಿದುಕೊಂಡು, ಫೋನನ್ನು ಅವನ ಕೈಯಿಂದ ಕಸಿದುಕೊಂಡಿದ್ದಳು.

“ಸಿದ್ದೂ, ಈಗ ಇಟ್ಟೀನಿ. ಐದಕ್ಕ ಬರತೈತಂತ. ಅಲ್ಲೀತನಕಾ ಕುಂದ್ರು.” ದನಿ ಇಳಿಸಿ ಮತ್ತೆ ಕೇಳಿದಳು. “ನಾಕು ವರ್ಷ ನಿಂತಿದ್ದಿಯಂತಲ್ಲೋ. ನನಗ್ಯಾಕ ಹೇಳಲಿಲ್ಲ?”

ಸಿದ್ರಾಮ ಫೋನನ್ನು ಕಿವಿಗೆ ಹಿಡಿದುಕೊಂಡೇ, ಕಾಲಿನಿಂದ ಕುರ್ಚಿ ಎಳೆದುಕೊಂಡು ಕುಳಿತ.